ಎರಡು ಅಂಕದ ಪ್ರಶ್ನೆ

ಬೋರಾ ಬಜಾರಿನ ಮೂರನೇ ಮಾಳಿಗೆ. ಹಗಲು ಅದು
ಗುಜರಾತಿ ಮಕ್ಕಳ ಶಾಲೆ, ರಾತ್ರಿ ನಮ್ಮದು.
ಆ ಪುಟ್ಟ ಬೆಂಚುಗಳಿಗೆ ನಮ್ಮ ಮೊಣಕಾಲು
ಹಿಡಿಸುತ್ತಿರಲಿಲ್ಲ, ಅಡ್ಡ ಕೂತು ಬರೆಯುತ್ತಿದ್ದೆವು.
ಬೆರಳಲ್ಲಿ ಸಾಂಬಾರಿನ ವಾಸನೆ. ವ್ಯಾಕರಣದ ಪುಸ್ತಕದಲ್ಲೂ ಅದೇ.

ಕಡೆಕಾರು ಮಾಷ್ಟ್ರು ಬಂದರಿನ ಗುಮಾಸ್ತಿಕೆ ಮುಗಿಸಿ
ಏಳೂವರೆಗೆ ಬರುತ್ತಿದ್ದರು, ಖಾಲಿ ಟಿಫಿನ್ ಡಬ್ಬಿ ಸಮೇತ.
ಆ ದಿನ ಬೋರ್ಡಿನ ಮೇಲೆ ಬರೆದರು: ಲಕ್ಷಣೆ.
ಅದರ ಕೆಳಗೆ: ಗಂಗೆಯಲ್ಲಿ ಗೊಲ್ಲರ ಹಟ್ಟಿ.

"ಹೊಳೆಯೊಳಗೆ ಹಟ್ಟಿ ಕಟ್ಟಲಿಕ್ಕುಂಟಾ? ಇಲ್ಲ.
ಮಾತು ಮೊದಲು ಎಡವಬೇಕು ಮಕ್ಕಳೇ,
ನೇರ ಅರ್ಥದ ಕಾಲು ಉಳುಕಬೇಕು.
ಆಗ ಅದು ಪಕ್ಕದ ದಡ ಹಿಡಿಯುತ್ತದೆ."
ದಡದಲ್ಲಿ ಅಂತಲೇ ಹೇಳಬಹುದಿತ್ತಲ್ಲ ಸಾರ್, ಅಂದಿತು ಪಡುಬಿದ್ರಿ.
"ಹೇಳಬಹುದಿತ್ತು. ಗಂಗೆಯ ತಂಪು ಬರುತ್ತಿರಲಿಲ್ಲ.
ಆ ತಂಪಿಗಾಗಿಯೇ ಇಷ್ಟೆಲ್ಲ ಸುತ್ತು ಹಾದಿ.
ಅದಕ್ಕೆ ಪ್ರಯೋಜನ ಅಂತ ಹೆಸರು. ಬರೆದುಕೊಳ್ಳಿ."

ಪಡುಬಿದ್ರಿ ಅಂದರೆ ಹುಡುಗ, ಊರಲ್ಲ.
ನಾವೆಲ್ಲ ಹಾಗೆಯೇ: ಕಟಪಾಡಿ ದೋಸೆ ಹುಯ್ಯುತ್ತಿತ್ತು,
ಎರ್ಮಾಳು ನಿನ್ನೆ ಎರಡು ಕಪ್ಪು ಒಡೆದು ಬೈಸಿಕೊಂಡಿತ್ತು,
ನಾನು ಶಿರ್ವ.
ನಮಗೇನು ಹೊಸತು ಇದು? ಗಲ್ಲೆಯಿಂದ ಶೆಟ್ರ ಕೂಗೇ ಹಾಗೆ:
ಮೂರು ಸಿಟ್ಟಾಗಿದೆ, ನೀರು ಕೊಡು.
ಆರು ದುಡ್ಡು ಕೊಡದೆ ಓಡುತ್ತಿದೆ, ಹಿಡಿಯೋ!
ನಾಲ್ಕು ಕಾಲಿದ್ದೂ ಯಾವ ಟೇಬಲ್ಲೂ ಓಡಿದ್ದಿಲ್ಲ ಸಾರ್,
ಎದ್ದು ನಿಂತು ಹೇಳಿದೆ. ಕ್ಲಾಸು ನಕ್ಕಿತು.
"ಕ್ಲಾಸು ನಕ್ಕಿತಲ್ಲ, ಅದೂ ಅದೇ," ಅಂದರು ಮಾಷ್ಟ್ರು.

ಒಂಬತ್ತರ ವಿಷಯ ಬೇರೆ.
ಒಂಬತ್ತು ಸಂಜೆ ನಾಲ್ಕಕ್ಕೆ ಬರುತ್ತಿತ್ತು, ಮೊಣಕೈ ಸವೆದು
ಮಿಂಚುವ ಕರಿ ಕೋಟು ಹಾಕಿಕೊಂಡು. ಪಾನಿ ಕಮ್, ಒಂದು ಬನ್ನು.
ಬನ್ನಿನ ಕಂದು ಸಿಪ್ಪೆ ಮೊದಲು, ಒಳಗಿನ ಮೆತ್ತನೆಯದು ಆಮೇಲೆ.
ತಟ್ಟೆಯ ಅಡಿಗೆ ಹತ್ತು ಪೈಸೆ, ನನಗೆಂದು, ಶೆಟ್ರಿಗೆ ಕಾಣದ ಹಾಗೆ.
ಒಂದು ಜುಲೈಯಲ್ಲಿ ಕೊಡೆ ಮರೆತು ಹೋಗಿತ್ತು.
ವಿ.ಟಿ.ಯವರೆಗೆ ಬೆನ್ನಟ್ಟಿದೆ. ಏನೆಂದು ಕರೆಯಲಿ?
ಛತ್ರೀ, ಛತ್ರೀ ಎಂದು ಕೂಗಿದೆ.
ಐದಾರು ಜನ ತಿರುಗಿ ನೋಡಿದರು.

ಶ್ರಾವಣದಲ್ಲಿ ಒಂದು ವಾರ ಒಂಬತ್ತು ಬರಲಿಲ್ಲ.
ಎದುರಿನ ಪಾನ್ ಅಂಗಡಿಯವ ಎಲೆಗೆ ಸುಣ್ಣ ಹಚ್ಚುತ್ತಲೇ ಅಂದ:
ಕೋಟ್‌ವಾಲಾ? ವೋ ತೋ ಗುಜರ್ ಗಯಾ.
ಅಡುಗೆಮನೆಯ ಕಿಂಡಿಯಲ್ಲಿ ತಲೆ ಹಾಕಿ
ಒಂಬತ್ತು ತೀರಿಹೋಯಿತಂತೆ, ಅಂದೆ.
ಕಟಪಾಡಿಯ ಸಟ್ಟುಗ ದೋಸೆಯ ಅಡಿಯಲ್ಲೇ ನಿಂತಿತು.
ಅಷ್ಟರಲ್ಲಿ ಗಲ್ಲೆಯಿಂದ:
ಒಂಬತ್ತು ಒರೆಸೋ, ಮೂರು ಜನ ನಿಂತಿದ್ದಾರೆ.
ಒರೆಸಿದೆ. ಅಮೃತಶಿಲೆಯ ಹಲಗೆ. ತಣ್ಣಗಿತ್ತು.

ರಾತ್ರಿ ಕೇಳಿದೆ, ಇದು ಲಕ್ಷಣೆಯೇ ಸಾರ್?
"ಹೌದು. ಮೇಜು ಸಾಯುವುದಿಲ್ಲ. ಅರ್ಥ ಎಡವಿತು,
ಕೂತವರತ್ತ ಸರಿಯಿತು. ಸರಿಯಾಗಿದೆ."
ಮತ್ತೆ ಪ್ರಯೋಜನ?
"ಅವರ ಹೆಸರೇನು?"
ಗೊತ್ತಿಲ್ಲ ಸಾರ್.
"ಎಷ್ಟು ವರ್ಷ ಚಾ ಕೊಟ್ಟೆ?"
ಮೂರು.

ಕೆಳಗೆ ಬೀದಿಯಲ್ಲಿ ಕೈಗಾಡಿಯವ ದಾರಿಗಾಗಿ ಬೊಬ್ಬಿಡುತ್ತಿದ್ದ.
ಮಾಷ್ಟ್ರು ಪಾಠ ಮುಂದುವರಿಸಲಿಲ್ಲ. ಹಾಜರಿ ಪುಸ್ತಕ ತೆಗೆದರು,
ಅದಾಗಲೇ ಒಮ್ಮೆ ಕೂಗಿಯಾಗಿತ್ತು, ಎಂದಿನಂತೆ ಊರೂರು.
"ದೂಮಪ್ಪ ಕೋಟ್ಯಾನ್."
ಯಾರೂ ಏಳಲಿಲ್ಲ.
"ದೂಮಪ್ಪ ಕೋಟ್ಯಾನ್."
ಎರ್ಮಾಳು ಅತ್ತ ನೋಡಿತು, ಇತ್ತ ನೋಡಿತು,
ಬೇರೆ ಯಾರದೋ ಚಪ್ಪಲಿಗೆ ಕಾಲು ತೂರಿಸಿದವನ ಹಾಗೆ
ಮೆಲ್ಲಗೆ ಎದ್ದು ನಿಂತ.

ಏಪ್ರಿಲಿನಲ್ಲಿ ಪರೀಕ್ಷೆ. ಲಕ್ಷಣೆಗೆ ಒಂದು ಉದಾಹರಣೆ ಕೊಡಿ.
ಪೆನ್ನು ಒಂಬತ್ತರ ಬಳಿ ಹೋಗಿ ನಿಂತಿತ್ತು, ಸುಮಾರು ಹೊತ್ತು.
ಗಂಗೆಯಲ್ಲಿ ಹಟ್ಟಿ, ಎಂದು ಬರೆದೆ.
ಎರಡಕ್ಕೆ ಎರಡೂ ಕೊಟ್ಟರು.